ಹೆಸರು ಕೆಟ್ಟ ವಿಳಾಸ

ನಾಲ್ಕನೆಯ ಸಲ ಬಂದ ಕರೆಯನ್ನೂ ಎತ್ತದೆ ಹಾಲೇಶ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಬೋರಲು ಬಿದ್ದ ಮೇಲೂ ಅದು ಗುಂಯ್‌ಗುಡುತ್ತ ಮೇಜಿನ ಅಂಚಿನ ಕಡೆಗೆ ಸರಿಯುತ್ತಿತ್ತು. ಬೀಳಲಿ ಅಂದುಕೊಂಡ. ಅಂಚು ಮುಟ್ಟುವ ಮೊದಲೇ ನಿಂತುಹೋಯಿತು.

ಕೊಯಾಲಿಯ ಆ ಹೆಂಗಸು. ಮಂದಾಕಿನಿ. ವಡೋದರಾದ ಹೊರಗೆ, ಎಣ್ಣೆ ಕಾರ್ಖಾನೆಯ ಕಾಲೊನಿಯ ಮಗ್ಗುಲಲ್ಲಿ, ರಕ್ತ ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದಾಳೆ. ಅಲ್ಲಿಯ ರಿಪೋರ್ಟುಗಳು ವಡೋದರಾದ ಒಂದು ದೊಡ್ಡ ಆಸ್ಪತ್ರೆಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗಬೇಕು. ಹಬ್ಬದ ರಜೆ ಮುಗಿದು ಲ್ಯಾಬ್ ತೆರೆದ ಗುರುವಾರದಿಂದ ಹೋಗುತ್ತಿಲ್ಲ. ಆಸ್ಪತ್ರೆಯ ಫೈರ್‌ವಾಲ್ ನೋಡಿಕೊಳ್ಳುವ ಗುತ್ತಿಗೆ ಹಾಲೇಶನ ಕಂಪನಿಯದು. ಅಹಮದಾಬಾದಿನ ವಸ್ತ್ರಾಪುರದಲ್ಲಿ, ಆರನೆಯ ಮಹಡಿಯ ಮೇಲೆ, ಕಿಟಕಿ ತೆರೆಯಲು ಬಾರದ ಕೋಣೆಯೊಂದರಲ್ಲಿ ಕೂತು ಅದನ್ನು ಕಾಯುವುದು ಹಾಲೇಶನ ಕೆಲಸ. ಯಾರು ಒಳಗೆ ಬರಬಹುದು, ಯಾರು ಬರಬಾರದು. ದಿನಕ್ಕೆ ಒಂಬತ್ತು ಗಂಟೆ ಅದೇ.

ರಿಪೋರ್ಟು ಯಾಕೆ ಹೋಗುತ್ತಿಲ್ಲ ಎನ್ನುವುದು ಇವತ್ತು ಬೆಳಿಗ್ಗೆ ಒಂಬತ್ತೂವರೆಯವರೆಗೆ ಅವನಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು. ಅದಕ್ಕೇ ಫೋನ್ ಎತ್ತುತ್ತಿರಲಿಲ್ಲ.

ಕಾರಣ ಅವನೇ.

ಇಂಟರ್‌ನೆಟ್ಟಿಗೆ ಸೇರಿದ ಒಂದೊಂದು ಕಂಪ್ಯೂಟರಿನ ಐಪಿ ವಿಳಾಸಕ್ಕೂ ಒಂದು ಹೆಸರಿದೆ, ಒಳ್ಳೆಯದೋ ಕೆಟ್ಟದ್ದೋ. ಯಾವುದೋ ದೇಶದ ಯಾವುದೋ ಕಂಪನಿ ಗಂಟೆಗೊಮ್ಮೆ ಪಟ್ಟಿ ಕಳಿಸುತ್ತದೆ. ಸೊನ್ನೆಯಿಂದ ನೂರರವರೆಗೆ ಅಂಕ. ಅಂಕ ಏರಿದಷ್ಟೂ ಹೆಸರು ಕೆಟ್ಟಿದೆ ಎಂದು ಅರ್ಥ. ಎಂಬತ್ತು ದಾಟಿದವರನ್ನು ಫೈರ್‌ವಾಲ್ ಒಳಗೆ ಬಿಡುವುದಿಲ್ಲ. ಅಂಕ ಹಾಕುವವರು ಯಾರು, ಯಾವ ಆಧಾರದ ಮೇಲೆ ಹಾಕುತ್ತಾರೆ ಎಂದು ಹಾಲೇಶ ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೂ ಹೇಳುವವರು ಇರಲಿಲ್ಲ.

ಅವನ ಆಫೀಸಿನಲ್ಲಿ ಉತ್ತರಾಯಣಕ್ಕೆಂದೇ ಒಂದು ರೂಢಿ ಇತ್ತು. ಜನವರಿ ಹದಿನಾಲ್ಕು, ಹದಿನೈದು ಇಡೀ ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಬಿಡುತ್ತದೆ. ಪರದೆ ನೋಡುತ್ತ ಕೂರಲು ಒಬ್ಬನೂ ಸಿಗುವುದಿಲ್ಲ. ಹಾಗಾಗಿ ಹದಿಮೂರರ ಸಂಜೆ ಮಿತಿಯನ್ನು ಎಂಬತ್ತರಿಂದ ನಲವತ್ತಕ್ಕೆ ಇಳಿಸಿಬಿಡುವುದು. ಎಳ್ಳಷ್ಟು ಅನುಮಾನ ಇದ್ದವರನ್ನೂ ಹೊರಗೆ ನಿಲ್ಲಿಸಿ ಎಲ್ಲರೂ ನೆಮ್ಮದಿಯಾಗಿ ಗಾಳಿಪಟ ಬಿಡುವುದು. ಹದಿನಾರರ ಬೆಳಿಗ್ಗೆ ಬಂದವರು ಮೊದಲು ಮಿತಿಯನ್ನು ಮತ್ತೆ ಎಂಬತ್ತಕ್ಕೆ ಏರಿಸಬೇಕು. ಈ ಸಲ ಯಾರು ಏರಿಸುತ್ತೀರಿ ಎಂದು ಮ್ಯಾನೇಜರ್ ಮಂಥನ್ ಕೇಳಿದಾಗ ಕೈ ಎತ್ತಿದವನು ಹಾಲೇಶ.

ಏರಿಸಿರಲಿಲ್ಲ. ಹದಿನಾರರ ಬೆಳಿಗ್ಗೆ ಅವನು ಸ್ಯಾಟಲೈಟ್ ಬಡಾವಣೆಯಲ್ಲಿರುವ ತನ್ನ ಹೌಸಿಂಗ್ ಸೊಸೈಟಿಯ ಆಫೀಸಿನ ಮುಂದೆ ಕೈಯಲ್ಲಿ ಅರ್ಜಿ ಹಿಡಿದು ನಿಂತಿದ್ದ. ತಡವಾಗಿ ಕೆಲಸಕ್ಕೆ ಬಂದ, ಮಿತಿಯ ವಿಷಯ ತಲೆಯಿಂದ ಹಾರಿಹೋಯಿತು. ಇವತ್ತು ಇಪ್ಪತ್ತು.

ಮಂದಾಕಿನಿಯ ಲ್ಯಾಬಿನ ಅಂಕ ಐವತ್ತೆರಡು. ಅದೂ ಅವಳು ಗಳಿಸಿದ್ದಲ್ಲ. ಆ ವಿಳಾಸ ಎರಡು ವರ್ಷದ ಹಿಂದೆ ಇನ್ನಾರದೋ ಆಗಿತ್ತು. ಅವರು ಊರಿಗೆಲ್ಲ ಲಾಟರಿಯ ಮೇಲ್ ಕಳಿಸುತ್ತಿದ್ದರು. ಅವರು ಬಿಟ್ಟುಹೋದ ಮೇಲೆ ಇಂಟರ್‌ನೆಟ್ ಕಂಪನಿ ಅದೇ ವಿಳಾಸವನ್ನು ಇವಳಿಗೆ ಕೊಟ್ಟಿತ್ತು. ಐವತ್ತೆರಡು ಅಂದರೆ ಸಾಧಾರಣ ದಿನಗಳಲ್ಲಿ ಯಾರೂ ತಿರುಗಿ ನೋಡದ ಅಂಕ.

ಫೋನ್ ಐದನೆಯ ಸಲ ಗುಂಯ್‌ಗುಟ್ಟಿತು. ಎತ್ತಿದ.

"ಹಾಲೇಶ ಸರ ಏನ್ರಿ? ನಾನ್ರಿ, ಮಂದಾಕಿನಿ. ಬೆಳಿಗ್ಗಿಂದ ಫೋನ್ ಹಚ್ಚಾಕತ್ತೀನಿ."

"ಮೀಟಿಂಗ್ ಇತ್ತು ಮೇಡಂ."

"ಇರ್ತೈತಿ ಬಿಡ್ರಿ, ನಿಮಗೂ ಕೆಲಸ ಇರ್ತಾವ. ಅಲ್ರಿ ಸರ, ಶುಕ್ರವಾರ ನೀವು ಹೇಳಿದ್ರಲ್ಲ, ನಿಮ್ಮ ಮಷೀನಿನಾಗ ಏನರ ಹೊಲಸ ಕುಂತಿರಬಹುದು, ತೆಗಸ್ರಿ ಅಂತ. ಶನಿವಾರ ತೆಗಸಿದೆ. ಪೂರಾ ಒರಸಿಬಿಟ್ವಿ. ಎರಡ ವರ್ಷದ ರೆಕಾರ್ಡ್ ಹೋದ್ವು. ಆದ್ರೂ ರಿಪೋರ್ಟ್ ಹೋಗವಲ್ವು ನೋಡ್ರಿ."

ಹಾಲೇಶನ ಬೆನ್ನು ನೆಟ್ಟಗಾಯಿತು. "ಬ್ಯಾಕಪ್ ಇಟ್ಕೊಂಡಿರ್ಲಿಲ್ವಾ?"

"ಇತ್ರಿ. ಅದರಾಗೂ ಹೊಲಸ ಇದ್ರ ಮತ್ತ ಬರ್ತೈತಿ ಅಂತ ರಿಪೇರಿಯವರು ಅಂದ್ರು. ಅದನ್ನೂ ಒರಸಿದ್ರು."

ಹಾಲೇಶನಿಗೆ ಮೈ ಉರಿಯಿತು. ಇವಳ ಮೇಲೆ ಉರಿಯಿತು. ಶುಕ್ರವಾರ ಅವನು ಹೇಳಿದ್ದು ಎಲ್ಲರಿಗೂ ಹೇಳುವ ಮಾತು. ಯಾರೂ ಅದನ್ನು ಕೇಳಿ ಹಾಗೆಯೇ ಮಾಡುವುದಿಲ್ಲ. ಎರಡು ದಿನ ಬಿಟ್ಟು ಮಾಡಿದೆವು ಎಂದು ಸುಳ್ಳು ಹೇಳುತ್ತಾರೆ. ಈ ಹೆಂಗಸು ನಂಬಿಬಿಟ್ಟಿದ್ದಳು. ಅವನ ಹೆಸರು ಕೇಳಿದ ಕೂಡಲೇ "ನೀವು ಕನ್ನಡದವರೇನ್ರಿ? ನಾವು ಗದಗಿನವ್ರು" ಎಂದಿದ್ದಳು. ತಾನು ಹೊನ್ನಾಳಿಯವನು ಎಂದು ಆಗ ಹೇಳಬಾರದಿತ್ತು.

"ಇವತ್ತು ಸಂಜೀ ಆರರ ಒಳಗ ಹೋಗ್ಲಿಲ್ಲಂದ್ರ ಬ್ಯಾರೆ ಲ್ಯಾಬಿಗೆ ಕೊಡ್ತೀವಿ ಅಂದಾರ್ರಿ ಆಸ್ಪತ್ರಿಯವ್ರು. ಮೂರ್ ದಿನ ಪ್ರಿಂಟ್ ತಗದು ನಾನ ಸ್ಕೂಟರ್ ಮ್ಯಾಲೆ ಒಯ್ದು ಕೊಟ್ಟೆ. ಇನ್ನ ಕಾಗದ ತರಬ್ಯಾಡ್ರಿ ಅಂದ್ರು. ನನ್ನ ಕೆಲಸದಾಗ ಮುಕ್ಕಾಲು ಪಾಲು ಅವರದ ಐತ್ರಿ. ಅದು ಹೋದ್ರ ಬಾಗಲಾ ಹಾಕೂದ."

"ನೋಡ್ತಿದ್ದೀವಿ ಮೇಡಂ."

"ಒಂದ ಮಾತು ಕೇಳಲೇನ್ರಿ? ಸಿಟ್ಟಾಗಬ್ಯಾಡ್ರಿ. ನಮ್ಮಿಂದ ಏನ್ ತಪ್ಪಾಗೈತಿ?"

ಇಲ್ಲಿ ಒಂದೇ ಮಾತು ಸಾಕಿತ್ತು. ತಪ್ಪು ನಿಮ್ಮದಲ್ಲ. ಬಾಯಿ ತೆರೆದ ಹಾಲೇಶನ ಕಣ್ಣು ಕಳೆದ ವರ್ಷದಿಂದ ಖಾಲಿ ಬಿದ್ದಿದ್ದ ಪಕ್ಕದ ಕುರ್ಚಿಯ ಮೇಲೆ ಬಿತ್ತು.

"ನಿಮ್ಮ ಅಡ್ರೆಸ್‌ದು ರೆಪ್ಯುಟೇಶನ್ ಸರಿ ಇಲ್ಲ ಮೇಡಂ," ಅಂದ.

"ಅಂದ್ರ?"

"ಹೆಸರು ಕೆಟ್ಟಿದೆ."

ಆ ಕಡೆ ರಕ್ತದ ನಳಿಗೆಗಳನ್ನು ತಿರುಗಿಸುವ ಯಂತ್ರವನ್ನು ಅವಳು ನಿಲ್ಲಿಸಿದ್ದು ಕೇಳಿಸಿತು.

"ನಮ್ಮ ಹೆಸರ?" ಎಂದಳು ಮಂದಾಕಿನಿ. "ಹನ್ನೊಂದ ವರ್ಷ ಆತ್ರಿ ನಾವಿಲ್ಲಿ ಬಂದು. ಯಾರೂ ಒಂದ ಮಾತು ಅಂದಿಲ್ಲ."

"ಅದು ಸಿಸ್ಟಂ ಮೇಡಂ. ನಮ್ಮ ಕೈಯಲ್ಲಿಲ್ಲ."

ಫೋನ್ ಇಟ್ಟ ಮೇಲೆ ಕೊನೆಯ ಮಾತು ಅವನ ಕಿವಿಯಲ್ಲೇ ಉಳಿಯಿತು. ಅದರ ದನಿ ಅವನದಾಗಿರಲಿಲ್ಲ. ಇವತ್ತೇ ಬೆಳಿಗ್ಗೆ, ಲಿಫ್ಟಿನ ಎದುರು, ಅದನ್ನು ಅವನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದ.

ಸೊಸೈಟಿಯ ಸೆಕ್ರೆಟರಿ ಕಿರೀಟ್‌ಭಾಯಿ ಹಾಲಿನ ಪೊಟ್ಟಣ ಹಿಡಿದು ನಿಂತಿದ್ದರು. "ಹಮಾರೇ ಹಾಥ್ ಮೇಂ ಕುಛ್ ನಹೀಂ ಹೈ, ಹಾಲೇಶ್‌ಭಾಯಿ. ಕಮಿಟಿ ದೇಖೇಗೀ." ನಮ್ಮ ಕೈಯಲ್ಲಿ ಏನೂ ಇಲ್ಲ, ಕಮಿಟಿ ನೋಡುತ್ತದೆ ಎಂದಷ್ಟೇ ಹೇಳಿ ಸೌಜನ್ಯದಿಂದ ನಕ್ಕಿದ್ದರು. ಇಪ್ಪತ್ತು ದಿನದಿಂದ ಅದೇ ನಗು. ಬಾಡಿಗೆ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಸೊಸೈಟಿ ಒಪ್ಪಿಗೆ ಪತ್ರ ಕೊಟ್ಟರೆ ತನ್ನದೇನೂ ಅಡ್ಡಿಯಿಲ್ಲ ಎನ್ನುತ್ತಾನೆ ಸೂರತ್‌ನಲ್ಲಿರುವ ಮಾಲೀಕ. ಸೊಸೈಟಿ ಕೊಡುವುದಿಲ್ಲ ಎಂದೂ ಅನ್ನುವುದಿಲ್ಲ, ಕೊಡುತ್ತೇವೆ ಎಂದೂ ಅನ್ನುವುದಿಲ್ಲ.

ಬಿ-೪೦೨ರ ಹೆಸರು ಕೆಟ್ಟಿತ್ತು. ಹಾಲೇಶನಿಗಿಂತ ಮೊದಲು ಅಲ್ಲಿದ್ದ ಅಮೃತ್ ಎಂಬುವನು ಮಂಚದ ಕೆಳಗೆ ವಿಸ್ಕಿ ಬಾಟಲಿ ಇಟ್ಟುಕೊಂಡಿದ್ದನಂತೆ. ಪಾನನಿಷೇಧದ ಊರಿನಲ್ಲಿ, ಸಂಸಾರಸ್ಥರ ಸೊಸೈಟಿಗೆ, ಹಾಡಹಗಲೇ ಪೊಲೀಸರು ಬಂದಿದ್ದರಂತೆ. ಆ ಮನುಷ್ಯನನ್ನು ಹಾಲೇಶ ಕಣ್ಣಿನಿಂದ ಕೂಡ ನೋಡಿಲ್ಲ. ತಾನು ಕುಡಿಯುವುದಿಲ್ಲ. ಮೊಟ್ಟೆಯನ್ನು ಕೂಡ ಹೊರಗೇ ತಿಂದು, ಬಾಯಿ ತೊಳೆದು, ಸೋಂಪು ಅಗಿದು ಬರುತ್ತಾನೆ. ಮೂವತ್ತನಾಲ್ಕು ವರ್ಷವಾದರೂ ಮದುವೆಯಾಗಿಲ್ಲ ಎನ್ನುವುದೊಂದು ಬಿಟ್ಟರೆ ಅವನ ಮೇಲೆ ಯಾವ ದೂರೂ ಇರಲಿಲ್ಲ. ಆದರೂ ಅವನು ಮೆಟ್ಟಿಲು ಹತ್ತುವಾಗ ಮೂರನೆಯ ಮಹಡಿಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು.

ಒಂದು ಸಲ ಬೈದುಬಿಡಲಿ, ಹೋಗು ಅನ್ನಲಿ. ಆಗ ಜಗಳವಾಡಬಹುದು. ಇವರು ಜಗಳಕ್ಕೂ ಸಿಗುವುದಿಲ್ಲ.

ಹನ್ನೆರಡಕ್ಕೆ ಮಂಥನ್ ಅವನ ಮೇಜಿನ ಹತ್ತಿರ ಬಂದ. ಹಾಲೇಶನಿಗಿಂತ ಐದು ವರ್ಷ ಚಿಕ್ಕವನು, ಗಡ್ಡವನ್ನು ಅಚ್ಚುಕಟ್ಟಾಗಿ ಕತ್ತರಿಸಿಕೊಂಡವನು, ಯಾರ ಮೇಲೂ ದನಿ ಎತ್ತದವನು. ಕಳೆದ ವರ್ಷ ಇದೇ ಮೆತ್ತಗಿನ ದನಿಯಲ್ಲಿ ಗುರುಕಿರಣನನ್ನು ಒಳಗೆ ಕರೆದಿದ್ದ. ಗುರುಕಿರಣ ತುಮಕೂರಿನವನು, ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಒಂದು ಸೆಟ್ಟಿಂಗ್ ವಾಪಸ್ ಹಾಕಲು ಮರೆತಿದ್ದ, ಅಷ್ಟೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆಯೇ ಹೋದ. ಮರುದಿನದಿಂದ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಹಾಲೇಶನೂ ಎತ್ತಲಿಲ್ಲ. ಅವನ ಎರಡು ಮೆಸೇಜಿಗೆ ಉತ್ತರ ಬರೆಯುವುದನ್ನು ನಾಳೆ ನಾಳೆ ಎಂದು ಮುಂದೂಡಿ ಆಮೇಲೆ ಬಿಟ್ಟೇಬಿಟ್ಟ.

"ಕೊಯಾಲಿ ಲ್ಯಾಬಿನದು ಏನಾಯಿತು?" ಮಂಥನ್ ಹಿಂದಿಯಲ್ಲಿ ಕೇಳಿದ. "ಆಸ್ಪತ್ರೆಯವರು ಲಿಖಿತವಾಗಿ ದೂರು ಕೊಟ್ಟಿದ್ದಾರೆ."

"ಆ ವಿಳಾಸದ ಅಂಕ ಸರಿಯಿಲ್ಲ."

"ಮೊದಲಿಂದಲೂ?"

"ಹಳೆಯ ಕೊಳಕು. ಹಿಂದಿನವರದು."

"ಹ್ಞೂಂ." ಮಂಥನ್ ಪರದೆಯ ಕಡೆ ಬಗ್ಗಲಿಲ್ಲ. ಬಗ್ಗಿದ್ದರೆ ಮೂಲೆಯಲ್ಲಿದ್ದ ನಲವತ್ತು ಎಂಬ ಅಂಕಿ ಕಾಣಿಸುತ್ತಿತ್ತು. "ಹಾಗಿದ್ದರೆ ಆಸ್ಪತ್ರೆಗೆ ನೇರವಾಗಿ ಬರೆದುಬಿಡಿ. ವಿಳಾಸದ ಹೆಸರು ಚೆನ್ನಾಗಿಲ್ಲ, ಇಂಥವರಿಗೆ ಬಾಗಿಲು ತೆರೆದರೆ ಅಪಾಯ, ಬೇರೆ ಲ್ಯಾಬ್ ನೋಡಿಕೊಳ್ಳುವುದು ಒಳ್ಳೆಯದು ಅಂತ. ದೂರು ಮುಚ್ಚಿಹೋಗಲಿ."

"ಲ್ಯಾಬಿನವರಿಗೆ ತಿಳಿಸೋಣವೆ?"

"ಅವರು ನಮ್ಮ ಗಿರಾಕಿಯಲ್ಲ." ಮಂಥನ್ ಎರಡು ಹೆಜ್ಜೆ ಹೋದವನು ತಿರುಗಿದ. "ಅಂದಹಾಗೆ, ಉತ್ತರಾಯಣದ ಮಿತಿ ವಾಪಸ್ ಹಾಕಿದಿರಿ ತಾನೆ?"

"ಹಾಕಿದೆ," ಅಂದ ಹಾಲೇಶ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅವನಿಗೇ ಆಶ್ಚರ್ಯವಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ದೊಡ್ಡ ವಿಷಯವನ್ನು ಅಂದಹಾಗೆ ಎಂದು ಕೇಳಿದ್ದಕ್ಕೆ ಮಂಥನ್ ಮೇಲೆ ಸಿಟ್ಟು. ಬಗ್ಗಿ ನೋಡದೆ ಹೋದದ್ದಕ್ಕೂ ಸಿಟ್ಟು.

ಊಟಕ್ಕೆಂದು ಕೆರೆಯ ದಂಡೆಗೆ ಹೋದ. ಹಬ್ಬ ಮುಗಿದು ಐದು ದಿನವಾದರೂ ವಸ್ತ್ರಾಪುರದ ಮರಗಳಿಂದ ಹರಿದ ಗಾಳಿಪಟಗಳು ಇಳಿದಿರಲಿಲ್ಲ. ವಿದ್ಯುತ್ ತಂತಿಗಳಿಂದ ಗಾಜಿನ ಪುಡಿ ಹಚ್ಚಿದ ದಾರಗಳು ಜೋತುಬಿದ್ದಿದ್ದವು. ಹಬ್ಬದ ದಿನ ಅವನ ಸೊಸೈಟಿಯ ತಾರಸಿಯ ಮೇಲೆ ದಿನವಿಡೀ ಹಾಡು, ಕುಣಿತ. ನೆತ್ತಿಯ ಮೇಲೆ ಧಡಧಡ ಹೆಜ್ಜೆ ಕೇಳುತ್ತ ಅವನು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದ. ಯಾರೂ ಕರೆದಿರಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ. ಮಧ್ಯಾಹ್ನ ತಡೆಯಲಾರದೆ ಮೇಲೆ ಹೋಗಲು ಚಪ್ಪಲಿ ಮೆಟ್ಟಿದವನು, ಮೂರು ಮೆಟ್ಟಿಲು ಹತ್ತಿ, ಯಾರಾದರೂ ತಿರುಗಿ ನೋಡಿ ಮಾತು ನಿಲ್ಲಿಸಿದರೆ ಎಂದು ಹೆದರಿ ಇಳಿದು ಬಂದಿದ್ದ.

ಸ್ಯಾಂಡ್‌ವಿಚ್ ಅರ್ಧ ತಿಂದು ಬಿಸಾಡಿದ. ಲೆಕ್ಕ ಸರಳವಾಗಿತ್ತು. ಮಿತಿಯನ್ನು ಎಂಬತ್ತಕ್ಕೆ ಏರಿಸಲು ಒಂದು ನಿಮಿಷ ಸಾಕು. ಆ ನಿಮಿಷವೇ ಮಂದಾಕಿನಿಯ ರಿಪೋರ್ಟುಗಳು ಹೋಗುತ್ತವೆ. ಆದರೆ ಏರಿಸಿದ್ದು ಯಾರು, ಯಾವಾಗ ಎಂದು ದಾಖಲೆಯಾಗುತ್ತದೆ. ದೂರು ತೆರೆದೇ ಇರುವಾಗ ರಿಪೋರ್ಟು ಹೋಗತೊಡಗಿದರೆ ಏನು ಬದಲಾಯಿತು ಎಂದು ಯಾರಾದರೂ ಕೇಳುತ್ತಾರೆ, ದಾಖಲೆ ತೆಗೆದು ನೋಡುತ್ತಾರೆ. ದೂರು ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ. ದೂರು ಮುಚ್ಚಬೇಕಾದರೆ ಆ ಮೇಲ್ ಹೋಗಬೇಕು.

ಹೇಳಿಬಿಡಲೆ? ಮರೆತೆ ಎನ್ನಲೆ? ಎದ್ದುನಿಂತ. ಕೆಲಸ ಹೋದರೆ ಕಿರೀಟ್‌ಭಾಯಿಯ ಕಮಿಟಿಯ ಮುಂದೆ ಹಿಡಿಯಲು ಒಂದು ಕಾಗದವೂ ಇರುವುದಿಲ್ಲ. ಮದುವೆಯಿಲ್ಲ, ಕೆಲಸವಿಲ್ಲ, ಬಿ-೪೦೨. ಮತ್ತೆ ಕೂತ. ಗದಗಿನ ಆ ಹೆಂಗಸು ಬೇರೆ ಆಸ್ಪತ್ರೆ ಹುಡುಕಿಕೊಂಡಾಳು. ಹನ್ನೊಂದು ವರ್ಷದಿಂದ ಇದ್ದಾಳಲ್ಲ, ನಾಲ್ಕು ಜನರ ಗುರುತಿದೆ. ನನಗೆ ಯಾರಿದ್ದಾರೆ?

ಮೂರೂವರೆಗೆ ಮೇಲ್ ಬರೆದ. ಇಂಥ ಮೇಲ್‌ಗಳ ಭಾಷೆ ಅವನಿಗೆ ಕರತಲಾಮಲಕ. ಸದರಿ ವಿಳಾಸದ ಖ್ಯಾತಿ ತೃಪ್ತಿಕರವಾಗಿಲ್ಲ. ಹಿಂದೆ ಅನಪೇಕ್ಷಿತ ಚಟುವಟಿಕೆಗಳು ಕಂಡುಬಂದಿವೆ. ರೋಗಿಗಳ ಮಾಹಿತಿಯ ಸುರಕ್ಷತೆಯ ದೃಷ್ಟಿಯಿಂದ ಪರ್ಯಾಯ ವ್ಯವಸ್ಥೆ ಸೂಕ್ತ. ಒಂದೊಂದು ವಾಕ್ಯವೂ ನಿಜ. ಮೂರನ್ನೂ ಜೋಡಿಸಿದರೆ ಹಸಿ ಸುಳ್ಳು. ಮಂದಾಕಿನಿ ಎನ್ನುವ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಕಳಿಸಿದ. ನಾಲ್ಕೂ ಹತ್ತಕ್ಕೆ ಆಸ್ಪತ್ರೆಯಿಂದ ಉತ್ತರ ಬಂತು. ಎಚ್ಚರಿಸಿದ್ದಕ್ಕೆ ಕೃತಜ್ಞತೆಗಳು, ಈ ತಿಂಗಳ ಕೊನೆಗೆ ಸದರಿ ಲ್ಯಾಬಿನ ಒಡಂಬಡಿಕೆ ಕೈಬಿಡಲಾಗುವುದು, ದೂರು ಹಿಂದಕ್ಕೆ ಪಡೆಯಲಾಗಿದೆ.

ಹಾಲೇಶ ಅತ್ತಿತ್ತ ನೋಡಿ ಮಿತಿಯನ್ನು ನಲವತ್ತರಿಂದ ಎಂಬತ್ತಕ್ಕೆ ಏರಿಸಿದ.

ಪರದೆ ಒಮ್ಮೆಗೇ ತುಂಬಿತು. ಏಳು ದಿನದಿಂದ ಹೊರಗೆ ನಿಂತಿದ್ದವರೆಲ್ಲ ನುಗ್ಗಿದರು. ಎಷ್ಟೊಂದು ಜನ! ನೂರಾರು ವಿಳಾಸಗಳು. ಇವರಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಕೊಡುವುದಾದರೂ ಹೇಗೆ? ಫೈರ್‌ವಾಲ್ ಬಂದವರಿಗೆ ಇಲ್ಲ ಎಂದು ಹೇಳುವುದಿಲ್ಲ. ಬಾಗಿಲು ಬಡಿದದ್ದೇ ಕೇಳಲಿಲ್ಲ ಎನ್ನುವಂತೆ ಸುಮ್ಮನಿದ್ದುಬಿಡುತ್ತದೆ. ಬಂದವರು ಕಾಯುತ್ತಾರೆ, ಮತ್ತೆ ಬಡಿಯುತ್ತಾರೆ, ತಮ್ಮ ತಂತಿಯನ್ನೇ ಬಯ್ದುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕಲಿಸಿದ ಹಿರಿಯನೊಬ್ಬ, ಉತ್ತರ ಕೊಟ್ಟರೆ ಒಳಗೆ ಯಾರೋ ಇದ್ದಾರೆಂದು ಅವರಿಗೆ ತಿಳಿಯುತ್ತದೆ, ಅದೇ ಅಪಾಯ ಎಂದಿದ್ದ. ಹಾಲೇಶ ಆಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದ.

ನಡುವೆ ಕೊಯಾಲಿಯ ವಿಳಾಸ ಕಾಣಿಸಿತು. ಒಂದು ರಿಪೋರ್ಟು, ಹತ್ತು, ನಲವತ್ತು, ನೂರಾ ಅರವತ್ತು. ಯಾರದೋ ಸಕ್ಕರೆ, ಯಾರದೋ ಮೂತ್ರಪಿಂಡ, ಬೆಳಿಗ್ಗೆ ಸುಸ್ತು ಎಂದು ಬಂದ ಯಾರದೋ ರಕ್ತ.

ನಾಲ್ಕೂ ಮುಕ್ಕಾಲಿಗೆ ಫೋನ್ ಬಂತು. ಈಗ ಎತ್ತದಿರಲು ಕಾರಣವಿರಲಿಲ್ಲ.

"ಹೋದ್ವು ನೋಡ್ರಿ!" ಮಂದಾಕಿನಿಯ ದನಿ ಕಿವಿಗೆ ಅಪ್ಪಳಿಸಿತು. "ಎಲ್ಲಾ ಹೋದ್ವು ಸರ. ಟಪಟಪ ಟಪಟಪ ಅಂತ ಹೊಂಟ್ವು. ಇನ್ನೂ ಐದ ಆಗಿಲ್ಲ. ನಾ ಇಲ್ಲಿ ಕುರ್ಚಿ ಮ್ಯಾಲೆ ಕುಂತ ಅಳಾಕತ್ತೀನಿ, ನಮ್ಮ ಮನಿಯವ್ರು ನಗಾಕತ್ತಾರ."

"ಸರಿ ಮೇಡಂ."

"ಸರಿ ಅಂದ್ರ ಹೆಂಗ್ರಿ? ನೀವು ಏನೋ ಮಾಡೀರಿ, ನನಗ ಗೊತ್ತೈತಿ. ನಿಮ್ಮ ಕೈಯಾಗ ಇಲ್ಲ ಅಂತ ಬಾಯಾಗ ಅಂದ್ರಿ, ಆದ್ರ ಮಾಡಿದ್ರಿ. ನಮ್ಮವರು ಅನ್ನೂದು ಇದಕ್ಕ. ನೀ ನನ್ನ ತಮ್ಮ ಇದ್ದಂಗಪಾ."

ಬಹುವಚನ ಏಕವಚನಕ್ಕೆ ಇಳಿದದ್ದು ಹಾಲೇಶನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಈ ಊರಿನಲ್ಲಿ ಆರು ವರ್ಷದಿಂದ ಅವನನ್ನು ಯಾರೂ ನೀನು ಎಂದಿರಲಿಲ್ಲ.

"ಮೇಡಂ, ಒಂದು ವಿಷಯ—"

"ಹೇಳಪಾ."

ಕೋಣೆಯ ಆ ತುದಿಯಲ್ಲಿ ಮಂಥನ್ ಯಾರದೋ ಮೇಜಿನ ಬಳಿ ನಿಂತು ಮೆತ್ತಗೆ ಮಾತಾಡುತ್ತಿದ್ದ.

"ಏನಿಲ್ಲ. ಇನ್ಮೇಲೆ ಬ್ಯಾಕಪ್ ಇಟ್ಕೊಳ್ಳಿ."

"ಇಟ್ಕೋತೀನಿ. ನಿನ್ನ ಮನಿ ಅಡ್ರೆಸ್ ಹೇಳು. ಶನಿವಾರ ನಮ್ಮವರು ಅಹಮದಾಬಾದಿಗೆ ಬರ್ತಾರ. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ ಕಳಸ್ತೀನಿ. ಅಲ್ಲಿ ಒಬ್ಬನ ಇರ್ತೀ, ಏನ ತಿಂತೀಯೋ ಏನೋ."

"ನಾನು ಮನೆ ಬದಲಾಯಿಸ್ತಾ ಇದ್ದೀನಿ ಮೇಡಂ."

"ಹಂಗಾರ ಹೊಸಾದು ಹೇಳು."

"ಇನ್ನೂ ಗೊತ್ತಿಲ್ಲ."

"ಗೊತ್ತಾದ ಮ್ಯಾಲೆ ಹೇಳಪಾ," ಎಂದಳು ಮಂದಾಕಿನಿ. "ನಾ ಮತ್ತ ಹಚ್ಚತೀನಿ."

ಅವಳು ಮತ್ತೆ ಹಚ್ಚುತ್ತಾಳೆ. ತಿಂಗಳ ಕೊನೆಗೆ ಆಸ್ಪತ್ರೆಯಿಂದ ಕಾಗದ ಬಂದಾಗ ಮೊದಲು ಹಚ್ಚುವುದು ಇವನಿಗೇ. ಹೀಗಾಯ್ತಲ್ಲಪಾ, ಏನರ ಮಾಡು ಎನ್ನುತ್ತಾಳೆ. ಬೈಯುವುದಕ್ಕಲ್ಲ, ನಂಬಿ. ಹಾಲೇಶ ಅವಳ ನಂಬರನ್ನು ತೆಗೆದು ನೋಡಿದ. ತಡೆ ಹಾಕುವ ಗುಂಡಿಯ ಮೇಲೆ ಬೆರಳು ಇಟ್ಟ. ಒತ್ತಿದ. ಅವಳ ಕರೆ ಇನ್ನು ಮೇಲೆ ಇಲ್ಲಿ ಸದ್ದು ಮಾಡುವುದಿಲ್ಲ. ಲೈನ್ ಬಿಜಿ ಇರಬಹುದು ಎಂದುಕೊಳ್ಳುತ್ತಾಳೆ. ಥೂ, ಎಂದು ಗಟ್ಟಿಯಾಗಿಯೇ ಅಂದ. ಪಕ್ಕದ ಸಾಲಿನವನು ತಲೆ ಎತ್ತಿ ನೋಡಿ ಮತ್ತೆ ಪರದೆಗೆ ತಿರುಗಿದ.

ಏಳು ಗಂಟೆಗೆ ಆಟೋ ಇಳಿದಾಗ ಕತ್ತಲಾಗಿತ್ತು. ಸೊಸೈಟಿಯ ಗೇಟಿನಲ್ಲಿ ಹೊಸ ವಾಚ್‌ಮನ್. ಐವತ್ತು ದಾಟಿದ ಮನುಷ್ಯ, ಮಡಿಕೆ ಇನ್ನೂ ಬಿಚ್ಚದ ನೀಲಿ ಯೂನಿಫಾರಂ, ಕೈಯಲ್ಲಿ ಸೊಸೈಟಿಯ ಮೊಬೈಲು.

"ಕಹಾಂ ಜಾನಾ ಹೈ, ಸಾಬ್?"

"ಇಲ್ಲೇ ಇರೋದು ನಾನು," ಅಂದ ಹಾಲೇಶ ಹಿಂದಿಯಲ್ಲಿ, ನಡೆಯುತ್ತಲೇ.

ವಾಚ್‌ಮನ್ ಓಡಿಬಂದು ಚಿಕ್ಕ ಗೇಟಿಗೆ ಅಡ್ಡ ನಿಂತ. "ಯಾವ ಫ್ಲ್ಯಾಟು?"

"ಬಿ-೪೦೨."

"ಹೆಸರು?"

"ಅರೆ, ಇಲ್ಲೇ ಇರೋದು ಅಂತ ಹೇಳ್ತಿದ್ದೀನಲ್ಲ!"

"ಇರಬಹುದು ಸಾಬ್. ನಾನು ಇವತ್ತೇ ಬಂದದ್ದು. ಮುಖ ಗುರುತಿಲ್ಲದವರನ್ನು ಎಂಟ್ರಿ ಇಲ್ಲದೆ ಬಿಡಬೇಡ ಅಂತ ಸೆಕ್ರೆಟರಿ ಸಾಹೇಬರು ಹೇಳಿದ್ದಾರೆ."

ಹಾಲೇಶನ ಒಳಗೆ ಬೆಳಿಗ್ಗೆಯಿಂದ ಕುದಿಯುತ್ತಿದ್ದದ್ದು ಉಕ್ಕಿತು. ಕೂಗಿದ. ಆರು ವರ್ಷದಿಂದ ಈ ಊರಿನಲ್ಲಿದ್ದೇನೆ, ಹನ್ನೊಂದು ತಿಂಗಳಿಂದ ಈ ಗೇಟಿನಲ್ಲಿ ಓಡಾಡುತ್ತಿದ್ದೇನೆ, ನಾನೇನು ಕಳ್ಳನೇ, ಕುಡುಕನೇ, ಯಾರನ್ನು ಕೇಳಿ ನನ್ನನ್ನು ತಡೆಯುತ್ತೀಯ, ಕರೆ ನಿನ್ನ ಸೆಕ್ರೆಟರಿಯನ್ನು, ಈಗಲೇ ಕರೆ. ಹಿಂದಿ ಸಾಲದೆ ಕನ್ನಡದಲ್ಲಿ ಬೈದ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ಒಳಗೆ ಹೋದಳು. ವಾಚ್‌ಮನ್ ಬೈಗುಳ ಮುಗಿಯುವವರೆಗೆ ಗಮನವಿಟ್ಟು ಕೇಳಿದ.

"ಹೆಸರು, ಸಾಬ್?" ಅಂದ ಮತ್ತೆ.

"ಹಾಲೇಶ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಆಮೇಲೆ ಮೊಬೈಲನ್ನು ಮುಖದ ಎತ್ತರಕ್ಕೆ ಹಿಡಿದು ಫೋಟೋ ತೆಗೆದ. "ಫ್ಲ್ಯಾಟ್‌ನವರಿಗೆ ಕಳಿಸಿದ್ದೇನೆ. ಅವರು ಹ್ಞೂಂ ಅಂದ ಕೂಡಲೇ ಹೋಗಿ."

ಹಾಲೇಶನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು.

ತೆಗೆದು ನೋಡಿದ. ಗೇಟಿನ ಆ್ಯಪ್. ಬಿ-೪೦೨ಕ್ಕೆ ಒಬ್ಬರು ಬಂದಿದ್ದಾರೆ. ಹೆಸರು ಹಾಲೇಶ. ಒಳಗೆ ಬಿಡಬಹುದೆ? ಕೆಳಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಮೇಲೆ ಫೋಟೋ.

ನಗು ಬರಬೇಕಾಗಿತ್ತು. ಹಸಿರು ಒತ್ತಿ, ನಾಳೆ ಆಫೀಸಿನಲ್ಲಿ ಇದನ್ನು ತಮಾಷೆಯಾಗಿ ಹೇಳಬೇಕಾಗಿತ್ತು. ಹಾಲೇಶ ಫೋಟೋವನ್ನು ನೋಡಿದ. ಗೇಟಿನ ಹಳದಿ ದೀಪದಲ್ಲಿ ಬಾಯಿ ಅರ್ಧ ತೆರೆದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಕತ್ತು ಮುಂದೆ ಚಾಚಿ ನಿಂತಿದ್ದ ಒಬ್ಬ ಮನುಷ್ಯ. ಇವನು ಇವತ್ತು ಏನು ಮಾಡಿ ಬಂದಿದ್ದಾನೆ ಎನ್ನುವುದು ಹಾಲೇಶನಿಗೆ ಗೊತ್ತಿತ್ತು. ಕಿರೀಟ್‌ಭಾಯಿಗೆ ಗೊತ್ತಿರಲಿಲ್ಲ, ಮಂಥನ್‌ಗೆ ಗೊತ್ತಿರಲಿಲ್ಲ, ಇವನಿಗೆ ಅಂಕ ಹಾಕುವ ಯಾವ ಪಟ್ಟಿಗೂ ಗೊತ್ತಾಗುವಂತಿರಲಿಲ್ಲ.

ಹೆಬ್ಬೆರಳು ಹಸಿರಿನ ಮೇಲೆ ನಿಂತಿತು, ಒತ್ತಲಿಲ್ಲ. ಕೆಂಪಿನ ಕಡೆಗೂ ಹೋಗಲಿಲ್ಲ.

ಫೋನ್ ನಡುಗಿ ನಡುಗಿ ಸುಮ್ಮನಾಯಿತು.

"ಜವಾಬ್ ಬರುತ್ತಿಲ್ಲ ಸಾಬ್," ಅಂದ ವಾಚ್‌ಮನ್. ಅವನ ದನಿಯಲ್ಲಿ ನಿಜವಾದ ಕಳಕಳಿ ಇತ್ತು. "ಮನೆಯಲ್ಲಿ ಯಾರೂ ಇಲ್ಲವೇನೋ."

ಹಿಂದೆ ಒಂದು ಕಾರು ಬಂದು ಹಾರ್ನ್ ಹೊಡೆಯಿತು. ವಾಚ್‌ಮನ್ ದೊಡ್ಡ ಗೇಟು ತೆಗೆಯಲು ಓಡುತ್ತ, "ಸ್ವಲ್ಪ ಸೈಡಿಗೆ ನಿಲ್ಲಿ ಸಾಬ್, ಇನ್ನೊಂದು ಸಲ ಕಳಿಸುತ್ತೇನೆ," ಅಂದ.

ಹಾಲೇಶ ಕಾಂಪೌಂಡಿನ ಗೋಡೆಗೆ ಸರಿದು ನಿಂತ. ಕಾರಿನೊಳಗಿನ ಸಂಸಾರ ಅವನನ್ನು ನೋಡದೆ ಒಳಗೆ ಹೋಯಿತು. ನಾಲ್ಕನೆಯ ಮಹಡಿಯಲ್ಲಿ ಅವನ ಕಿಟಕಿ ಕತ್ತಲಾಗಿತ್ತು. ಅದರ ಸರಳಿಗೆ ಸಿಕ್ಕಿಕೊಂಡ ಯಾರದೋ ಗಾಳಿಪಟ ಗಾಳಿಗೆ ಗಾಜನ್ನು ತಟ್ಟುತ್ತಿತ್ತು.

ಕೈಯಲ್ಲಿ ಫೋನ್ ಮತ್ತೆ ಗುಂಯ್‌ಗುಟ್ಟಿತು. ಹಾಲೇಶ ಅದನ್ನು ಬೋರಲು ಹಿಡಿದ.